ಬಾರದೆ ಉಳಿದ ಕೆಂಪು ಎಳೆಗಳು

ನಮ್ಮ ಪಡಸಾಲೆಯ ಗೋಡೆಯ ಮೇಲೆ, ಮಾವನವರ ಫೋಟೊದ ಪಕ್ಕದಲ್ಲಿ, ಒಂದು ಸತ್ತ ನಕ್ಷತ್ರದ ಫೋಟೊ ಇದೆ. ತೆಗೆದವಳು ನಾನು. ಸುಮಾರು ಸಾವಿರ ವರ್ಷದ ಹಿಂದೆ ಅದು ಸಿಡಿದದ್ದು ಜನರ ಕಣ್ಣಿಗೆ ಬಿದ್ದಿತ್ತಂತೆ. ಈಗ ವೃಷಭ ರಾಶಿಯ ಕೊಂಬಿನ ತುದಿಯಲ್ಲಿ ಒಂದು ಮೋಡವಾಗಿ ಉಳಿದಿದೆ. ನೋಡಿದವರು ಹಾಲು ಚೆಲ್ಲಿದ ಕಲೆ ಎನ್ನುತ್ತಾರೆ. ನಿಜವಾಗಿ ಅದರೊಳಗೆ ಕೆಂಪು ಎಳೆಗಳಿವೆ, ಹಳೆಯ ರೇಷ್ಮೆ ಸೀರೆ ಹರಿದಾಗ ಸೆರಗಿನಿಂದ ಬಿಚ್ಚಿಕೊಳ್ಳುವಂಥವು. ನನ್ನ ಫೋಟೊದಲ್ಲಿ ಅವು ಬಂದಿಲ್ಲ.

ಬರಬೇಕೆಂದರೆ ಅಮಾವಾಸ್ಯೆಯ ಕತ್ತಲು ಬೇಕು, ತಾಸುಗಟ್ಟಲೆ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಬೇಕು. ಶಹಾಪುರದ ನಮ್ಮ ಮಾಳಿಗೆಯ ಮೇಲೆ ಬೀದಿದೀಪದ ಬೆಳಕು ಎಷ್ಟೆಂದರೆ, ಒಣಹಾಕಿದ ಸಂಡಿಗೆಯನ್ನು ರಾತ್ರಿಯೂ ಎಣಿಸಬಹುದು. ಕತ್ತಲಿದ್ದದ್ದು ವನದುರ್ಗದ ಹತ್ತಿರದ ನಮ್ಮ ಹೊಲದಲ್ಲಿ ಮಾತ್ರ. ಬೇರೆಯವರ ಹೊಲಕ್ಕೆ ಹೋಗುವಂತಿಲ್ಲ. ಅಮಾವಾಸ್ಯೆ ದಿನ ಹೆಣ್ಣುಮಗಳು ಕತ್ತಲಲ್ಲಿ ಕ್ಯಾಮೆರಾ ಕಟ್ಟಿದ ದುರ್ಬೀನಿನ ಯಂತ್ರ ಹೂಡಿ ಕುಳಿತರೆ ಮಾಟ ಮಾಡುತ್ತಾಳೆಂದೇ ಲೆಕ್ಕ. ನಮ್ಮ ಹೊಲಕ್ಕಾದರೂ ಒಂದು ನೆಪ ಬೇಕು. ಆ ನೆಪ ಎಳ್ಳಮಾವಾಸ್ಯೆ. ಅಂದು ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬನ್ನಿ ಗಿಡದ ಕೆಳಗಿನ ಐದು ಕಲ್ಲುಗಳನ್ನು ಪೂಜಿಸಿ, ನೈವೇದ್ಯದ ಅನ್ನವನ್ನು ಚರಗವೆಂದು ಬೆಳೆಗೆ ಚೆಲ್ಲಿ, ಅಲ್ಲೇ ಉಣ್ಣುತ್ತೇವೆ.

ಸಂಜೆ ಎಲ್ಲರೂ ಗಾಡಿ ಹತ್ತಿದ ಮೇಲೆ ನಾನು, ನಮ್ಮವರು ಮಾತ್ರ ಉಳಿಯುವುದೆಂದು ಗೊತ್ತು ಮಾಡಿಕೊಂಡೆವು. ಎಲ್ಲರಿಗಿಂತ ಮೊದಲು ಗಾಡಿ ಹತ್ತುವವರು ಅತ್ತೆಯವರು. ಮಾವನವರಿಗೆ ಹಾವು ಕಚ್ಚಿದ್ದು ಅದೇ ಹೊಲದ ಬದುವಿನಲ್ಲಿ, ಕತ್ತಲಲ್ಲಿ ನೀರು ಬಿಡಲು ಹೋದಾಗ.

ಮೊದಲ ವರ್ಷ ಸಿಕ್ಕಿದ್ದು ಈ ಹಾಲಿನ ಕಲೆ. ಅತ್ತೆಯವರು ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಲ್ಯಾಪ್‌ಟಾಪಿನ ಹತ್ತಿರ ಬಗ್ಗಿದರು. ಏನೆಂದು ತಿಳಿಸಿ ಹೇಳಿದೆ.

"ಸತ್ತ ಚಿಕ್ಕಿ ಏನು? ಪಾಪ, ಮಸುಕ ಬಂದದ. ಬೆಳಕ ಸಾಲಿಲ್ಲ ಕಾಣಸ್ತದ" ಎಂದರು.

ನಾನು ನಕ್ಕು ಲ್ಯಾಪ್‌ಟಾಪು ಮುಚ್ಚಿದೆ. ದೊಡ್ಡವರ ಮಾತನ್ನು ತಿದ್ದಬಾರದೆಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದು ಇನ್ನೂ ಬಿಟ್ಟುಹೋಗಿಲ್ಲ. ಇನ್ನೊಂದೆರಡು ತಾಸು ಕತ್ತಲು ಸಿಕ್ಕರೆ ಕೆಂಪು ಬಂದೀತೆಂದು ವರ್ಷವಿಡೀ ಕಾದೆ.

ಮರುವರ್ಷ ಹೋದರೆ ಬನ್ನಿ ಗಿಡದ ಪಕ್ಕ ಸೋಲಾರ್ ದೀಪದ ಕಂಬ. ಬುಡದ ಸಿಮೆಂಟಿಗೆ ವಿಭೂತಿ ಹಚ್ಚಿತ್ತು. ಅತ್ತೆಯವರು ಮೈದುನನಿಗೆ ಹೇಳಿ, ನಮ್ಮಿಬ್ಬರಿಗೂ ಸುಳಿವು ಕೊಡದೆ ಹಾಕಿಸಿದ್ದರು.

"ನಿನ್ ಸಲುವಾಗಿ ಹಾಕ್ಸೀನಿ ಯವ್ವ. ಫೋಟೊನೂ ಚಂದ ಬರ್ತದ, ಹುಳಾ ಹುಪ್ಪಡಿನೂ ಕಣ್ಣಿಗಿ ಬೀಳ್ತಾವ."

ಹೊತ್ತು ಮುಳುಗಿದ್ದೇ ದೀಪ ತಾನಾಗಿ ಹತ್ತಿತು. ತೊಗರಿಯ ಒಂದೊಂದು ಎಲೆಯೂ ಕಂಡಿತು. ಮೇಲೆ ನೋಡಿದರೆ ಕೊಂಬೂ ಇಲ್ಲ, ವೃಷಭವೂ ಇಲ್ಲ. ಎರಡು ತಾಸಿನ ಮಾತು, ದೀಪಕ್ಕೆ ಗೋಣಿಚೀಲ ಮುಚ್ಚಿಬಿಡುತ್ತೇನೆ ಎಂದು ನಮ್ಮವರು ನನ್ನ ಕಿವಿಯಲ್ಲಿ ಹೇಳಿ, ಚೀಲ ತರಲು ಹೋದರು.

ಆಗಲೇ ನೋಡಿದ್ದು, ಅತ್ತೆಯವರು ಗಾಡಿ ಹತ್ತಿರಲಿಲ್ಲ. ರೊಟ್ಟಿ ಕಟ್ಟಿದ್ದ ಬಟ್ಟೆಯನ್ನು ಕಂಬದ ಕೆಳಗೆ ಹಾಸಿ, ಕಾಲು ಚಾಚಿ ಕುಳಿತಿದ್ದರು. ಮಾವನವರು ಹೋದ ಮೇಲೆ ಹೊತ್ತು ಮುಳುಗಿದಾಗ ಅತ್ತೆಯವರನ್ನು ಆ ಹೊಲದಲ್ಲಿ ನಾನು ಕಂಡಿರಲಿಲ್ಲ.

"ಅವರು ಇಲ್ಲೇ ಕುಂತು ಎಲಿ ಅಡಕಿ ಹಾಕ್ತಿದ್ರು" ಎಂದರು, ನನಗೆ ಹೇಳಿದಂತೆಯೂ ಅಲ್ಲ.

ನಮ್ಮವರು ಚೀಲ ಹಿಡಿದು ನಿಂತಿದ್ದರು. ಬೇಡವೆಂದು ತಲೆ ಆಡಿಸಿದೆ. ಹೂಡದಿದ್ದರೆ ಯಾಕೆಂದು ಕೇಳುತ್ತಾರೆಂದು ಯಂತ್ರ ಹೂಡಿದೆ. ಪರದೆಯ ತುಂಬ ತಿಳಿಮಜ್ಜಿಗೆಯ ಬಿಳುಪು.

"ಬಂತೇನವ್ವ?" ಕುಳಿತಲ್ಲಿಂದಲೇ ಕೇಳಿದರು.

"ಬಂತ್ರಿ ಅತ್ತಿ."

ಗೋಡೆಗೆ ಹಾಕೋಣವೆಂದು ಅವರು ಹಟ ಹಿಡಿದಾಗ ಹಿಂದಿನ ವರ್ಷದ್ದನ್ನೇ ಕಟ್ಟು ಹಾಕಿಸಿ ಕೊಟ್ಟೆ. ದೀಪ ಹಾಕಿಸಿದ್ದಕ್ಕೆ ಎಷ್ಟು ಚೆನ್ನಾಗಿ ಬಂದಿದೆ ನೋಡಿರೆಂದು ಬಂದವರಿಗೆಲ್ಲ ಅವರೇ ತೋರಿಸುತ್ತಾರೆ. ಯಂತ್ರ ಅಲಮಾರಿಯಲ್ಲಿದೆ, ಹಳೆಯ ಚಾದರ ಸುತ್ತಿದ್ದೇನೆ. ಎಳ್ಳಮಾವಾಸ್ಯೆಗೆ ಅತ್ತೆಯವರು ರಾತ್ರಿ ಊಟದ ತನಕ ಕಂಬದ ಕೆಳಗೆ ಕೂರುತ್ತಾರೆ.

ಕಳೆದ ವರ್ಷ ಆ ದೀಪ ಕೆಟ್ಟಿತ್ತು. ಹಬ್ಬ ಹತ್ತಿರ ಬಂದಿತ್ತು. ಅತ್ತೆಯವರಿಗೆ ಇನ್ನೂ ಗೊತ್ತಿರಲಿಲ್ಲ. ನಾನೇ ಮೈದುನನಿಗೆ ಫೋನು ಮಾಡಿ ರಿಪೇರಿ ಮಾಡಿಸೆಂದೆ. ಫೋನಿಟ್ಟ ಮೇಲೆ ಅಲಮಾರಿಯ ಬಾಗಿಲು ತೆರೆದು, ಯಂತ್ರದ ಮೇಲಿನ ಚಾದರ ಸರಿಪಡಿಸಿ ಮತ್ತೆ ಮುಚ್ಚಿದೆ.