ಬಾವಿ ಗಿರಿಯಣ್ಣ ಕೇಳುತ್ತಿದ್ದ ಎರಡು ಟ್ರಿಪ್ಪು

ಬಾವಿ ಗಿರಿಯಣ್ಣನಿಂದ ಒಂದು ವಿಷಯ ತಿಳಿಯಬೇಕಾದರೆ ಎರಡು ಟ್ರಿಪ್ಪಿನ ಖರ್ಚು ಬೀಳುತ್ತಿತ್ತು. ತುಮಕೂರಿನಿಂದ ಗುಬ್ಬಿ ದಾಟಿ, ಹಾಗಲವಾಡಿ ಪಕ್ಕದ ಅವನ ಹಳ್ಳಿಗೆ ಹೋಗಿ ಕೇಳುವುದಕ್ಕೆ ಒಂದು. ಕೇಳಿದ್ದನ್ನು ಅಳೆದು, ಬರೆದು ಮುಗಿಸಿದ ಮೇಲೆ ಅದೇ ಜಗಲಿಗೆ ವಾಪಸ್ ಬಂದು, ‘ನಿನ್ನಿಂದ ನಮಗೆ ತಿಳಿದದ್ದು ಇಷ್ಟು’ ಎಂದು ಹೇಳುವುದಕ್ಕೆ ಇನ್ನೊಂದು. ದುಡ್ಡು ಕೊಟ್ಟರೆ ಮುಟ್ಟುತ್ತಿರಲಿಲ್ಲ. ಶಾಲು ಹೊದಿಸಿದರೆ ತೆಗೆದು ಹೆಂಡತಿ ಸಾಕಮ್ಮನ ಕೈಗೆ ಕೊಡುತ್ತಿದ್ದ. ಆಕೆ ಅದರಲ್ಲಿ ಕಡಲೇಕಾಯಿ ಕಟ್ಟಿಡುತ್ತಿದ್ದಳು. ಎರಡನೇ ಟ್ರಿಪ್ಪಿಗೆ ಒಪ್ಪದವರಿಗೆ ಮಜ್ಜಿಗೆ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ.

ಈ ಕಂಡೀಷನ್ನು ನನಗೆ ಬಹಳ ಹಿಡಿಸಿತ್ತು. ಎರಡು ಟ್ರಿಪ್ಪಿನ ಬಾಡಿಗೆಯೂ ನನ್ನದೇ ತಾನೆ? ನಾನು ಕುಣಿಗಲ್ಲಿನಲ್ಲಿ ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿ, ಲಾರಿಯಲ್ಲಿ ಕ್ಲೀನರಾಗಿ, ತುಮಕೂರಿನ ಸತ್ಯಮಂಗಲದ ಫ್ಯಾಕ್ಟರಿಗಳಿಗೆ ಲಗೇಜ್ ಆಟೋ ಓಡಿಸಿ, ಕೊನೆಗೆ ಶೆಟ್ಟಿಹಳ್ಳಿಯ ಮನೆ ಮುಂದೆ ಸ್ವಂತ ಗಾಡಿ ನಿಲ್ಲಿಸಿದವನು. ಸಂಶೋಧನೆ ಮಾಡುವವರು ಒಳ್ಳೆಯ ಗಿರಾಕಿಗಳು. ಚೌಕಾಸಿ ಮಾಡಲು ನಾಚುತ್ತಾರೆ, ಬಿಲ್ಲು ಮಾತ್ರ ಸರಿಯಾಗಿರಬೇಕು. ಮೊದಲು ಗಿರಿಯಣ್ಣನನ್ನು ಹುಡುಕಿಕೊಂಡು ನನ್ನ ಗಾಡಿಯಲ್ಲಿ ಹೋದವರು ಭೂವಿಜ್ಞಾನದ ಮೇಷ್ಟ್ರೊಬ್ಬರು. ಆಮೇಲೆ ಯಾವ ವಿಷಯದವರು ಗಾಡಿ ಕೇಳಿ ಬಂದರೂ, ನಿಮ್ಮ ಸಬ್ಜೆಕ್ಟಿನಲ್ಲಿ ಎಲ್ಲಾದರೂ ಬಾವಿ ಬರುತ್ತದೆಯೇ ಎಂದು ನಾನೇ ಕೇಳತೊಡಗಿದೆ. ಸ್ವಲ್ಪ ಯೋಚಿಸಿದರೆ ಎಲ್ಲರ ಸಬ್ಜೆಕ್ಟಿನಲ್ಲೂ ಬರುತ್ತಿತ್ತು.

ಗಿರಿಯಣ್ಣ ಕುಳ್ಳ ಆಳು. ಹೆಗಲು ಬಾಗಿಲಿನಷ್ಟು ಅಗಲ. ಬೋರ್‌ವೆಲ್ ಲಾರಿಗಳು ಬರುವ ತನಕ ಗುಬ್ಬಿ ಸೀಮೆಯಿಂದ ನಮ್ಮ ಕುಣಿಗಲ್ ಕಡೆಯವರೆಗೂ ಅವನೂ ಅವನ ತಮ್ಮ ಮುದ್ದಣ್ಣನೂ ತೋಡಿದ ಬಾವಿಗಳಿದ್ದವು. ಕೆಲಸ ನಿಂತು ಎಷ್ಟೋ ವರ್ಷವಾಗಿದ್ದರೂ ಎದುರಿಗೆ ಕೂತವರ ಜೊತೆ ಮುಖ ಮೇಲೆತ್ತಿ, ಗಟ್ಟಿಯಾಗಿ, ಬಾವಿಯ ತಳದಿಂದ ಕೂಗುವವನ ಹಾಗೆ ಮಾತಾಡುತ್ತಿದ್ದ. ಒಂದು ಮಾತು ಆಡಿ ನಿಲ್ಲಿಸುತ್ತಿದ್ದ. ನೀವು ‘ಹ್ಞೂಂ’ ಅನ್ನಬೇಕು. ಅನ್ನದಿದ್ದರೆ ಮುಂದಿನ ಮಾತು ಬರುತ್ತಿರಲಿಲ್ಲ. ಭೂವಿಜ್ಞಾನದ ಮೇಷ್ಟ್ರು ತಲೆ ತಗ್ಗಿಸಿ ಬರೆದುಕೊಳ್ಳುತ್ತಾ ಕೂತಿದ್ದರು. ಇವನು ಬಾಯಿ ಮುಚ್ಚಿ ಅವರ ನೆತ್ತಿಯನ್ನೇ ನೋಡುತ್ತಾ ಕೂತ. ಕೊನೆಗೆ ನಾನೇ ಹ್ಞೂಂಗುಟ್ಟಿದೆ. ಆವತ್ತಿನಿಂದ ಆ ಕೆಲಸ ನನ್ನ ಪಾಲಿಗೆ ಬಂತು.

ಮೂರು ಆಳುದ್ದ ಕೆಮ್ಮಣ್ಣು, ಅದರಡಿ ಒಂದು ಆಳು ಸುಣ್ಣಕಲ್ಲು ಬೆರೆತ ಮಣ್ಣು, ಆಮೇಲೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಕಲ್ಲು, ಅದರ ಕೆಳಗೆ ಬಂಡೆ. ಎಂದೋ ತೋಡಿದ ಬಾವಿಯ ಪದರಗಳನ್ನು ಹೀಗೆ ಒಪ್ಪಿಸಿದ. ಮೇಷ್ಟ್ರು ಆ ಬಾವಿಗೆ ಟೇಪು ಇಳಿಬಿಟ್ಟು ನೋಡಿದರು. ಒಂದು ಕಡೆ ಗೇಣು ಹೆಚ್ಚು ಕಡಿಮೆ ಬಂತು. ಗಿರಿಯಣ್ಣ ಟೇಪಿನ ಕಡೆ ಅನುಮಾನದಿಂದ ನೋಡಿದ.

ತತ್ತ್ವಶಾಸ್ತ್ರದವರೊಬ್ಬರು ಬಂದರು. ತೆಳ್ಳಗಿನ ಮನುಷ್ಯ. ಕತ್ತಲು, ಒಂಟಿತನ, ‘ನಾನು’ ಎಂಬ ಅರಿವು, ಇದು ಅವರ ವಿಷಯ. ಬಾವಿಯೊಳಗೆ ಒಬ್ಬರೇ ಇದ್ದಾಗ ನಾನು ಎಂಬುದು ನಿಮಗೆ ಹೇಗೆ ತೋರುತ್ತಿತ್ತು ಎಂದು ಮೂರು ಥರ ಸುತ್ತಿ ಬಳಸಿ ಕೇಳಿದರು. ಗಿರಿಯಣ್ಣ ಎಲೆಯಡಿಕೆ ಅಗಿದು ಮುಗಿಸಿ ಹೇಳಿದ: “ಕೆಲ್ಸ ಮಾಡೋವಾಗ ನಾನು ಗೀನು ಏನೂ ಇರ್ತಿರ್ಲಿಲ್ಲ ಸ್ವಾಮಿ. ಹಗ್ಗ ಸಡ್ಲ ಆಯ್ತಾ, ಆವಾಗ ಬತ್ತಿದ್ದ ನೋಡಿ ನಾನು.”

ಆ ಮಾತನ್ನು ಅವರು ದಾರಿಯುದ್ದಕ್ಕೂ ಗೊಣಗಿಕೊಂಡರು. ಒಂದೂವರೆ ವರ್ಷ ಬಿಟ್ಟು ಒಪ್ಪಂದದಂತೆ ಬಂದು ಒಂದು ಅಧ್ಯಾಯ ಓದಿದರು. ಗಿರಿಯಣ್ಣ ಗೋಡೆಗೊರಗಿ ನಿದ್ದೆ ಹೋದ. ಓದು ನಿಂತಾಗ ಎಚ್ಚರವಾಗಿ, ಈಗ ಸರಿಹೋಯಿತು ಎಂದ. ಓದಿದವರ ಮುಖ ಸಣ್ಣಗಾಗಿದ್ದು ನೋಡಿ ನಾನು, ಅರ್ಥವಾಯಿತಾ ಎಂದು ಗಿರಿಯಣ್ಣನನ್ನು ಛೇಡಿಸಿದೆ. “ಅರ್ಥ ಮಾಡ್ಸು ಅಂತ ನಾನೆಲ್ಲಿ ಕೇಳ್ದೆ? ಹೇಳು ಅಂತ ಕೇಳ್ದೆ. ಹೇಳವ್ರೆ” ಅಂದ.

ಚಿತ್ರಕಲೆ ಓದುತ್ತಿದ್ದ ಹುಡುಗಿಗೆ ಬಣ್ಣದ ಮಣ್ಣು ಬೇಕಿತ್ತು. ಡಬ್ಬದಲ್ಲಿ ಸಿಗುವ ಬಣ್ಣ ಬಿಟ್ಟು ಬರೀ ಈ ಸೀಮೆಯ ಮಣ್ಣಿನಲ್ಲೇ ಚಿತ್ರ ಬರೆಯಬಹುದೇ ಎಂಬುದು ಅವಳ ಸಂಶೋಧನೆ. ಅವಳನ್ನು ಹಳೇ ಬಾವಿಗಳ ಮಣ್ಣಿನ ಗುಡ್ಡೆಗಳ ಹತ್ತಿರ ಕರೆದುಕೊಂಡು ಹೋಗಿ ಅರಿಶಿನ, ಇಟ್ಟಿಗೆ ಕೆಂಪು, ಬೂದಿ, ಬಿಳಿ, ಒಂದು ಥರದ ನೇರಳೆ ಎಲ್ಲವನ್ನೂ ಎತ್ತಿ ಎತ್ತಿ ಕೊಟ್ಟ. ಅವಳು ಎರಡನೇ ಸಲ ಬಂದಾಗ ತಂದಿದ್ದು ಬಾವಿಯ ಚಿತ್ರ, ಮೇಲಿನಿಂದ ಬಗ್ಗಿ ನೋಡಿದ ಹಾಗೆ. ಚೆನ್ನಾಗಿಯೇ ಇತ್ತು. ಆದರೆ ಗಿರಿಯಣ್ಣ ಇದು ಬಾವಿ ನೋಡಲು ಬಂದ ನೆಂಟರು ಕಂಡ ಬಾವಿ ಎಂದುಬಿಟ್ಟ. ತಳದಲ್ಲಿ ನಿಂತವನಿಗೆ ಸುತ್ತ ಇಷ್ಟೂ ಬಣ್ಣ, ತಲೆಯ ಮೇಲೆ ತಟ್ಟೆಯಗಲ ಆಕಾಶ, ಆ ತಟ್ಟೆಯ ಅಂಚಿನಲ್ಲಿ ಒಂದು ತಲೆ. ಅದನ್ನು ಬರಿ ಅಂದ. ಆ ಹುಡುಗಿ ಅಳಲಿಲ್ಲ, ಜಗಳವಾಡಲಿಲ್ಲ. ಹೊಸದಾಗಿ ಬರೆದು ಮೂರನೇ ಟ್ರಿಪ್ಪು ಬಂದಳು. ಅದಕ್ಕೆ ನಾನು ಬಾಡಿಗೆಯಲ್ಲಿ ಸ್ವಲ್ಪ ಬಿಟ್ಟೆ. ಜಾಸ್ತಿ ಬಿಡಲಿಲ್ಲ.

ಆ ಚಿತ್ರದ ಅಂಚಿನಲ್ಲಿದ್ದ ತಲೆಯನ್ನು ಗಿರಿಯಣ್ಣ ಬಹಳ ಹೊತ್ತು ನೋಡಿದ. ಅವತ್ತೇ ನನಗೆ ಮುದ್ದಣ್ಣನ ವಿಷಯ ಗೊತ್ತಾದದ್ದು.

ಅಣ್ಣ ತಮ್ಮಂದಿರಲ್ಲಿ ಒಂದು ಕಟ್ಟುನಿಟ್ಟಿತ್ತು. ಕೆಳಗಿನವನು ಕೂಗಿದರೆ ಮೇಲೆ ಹಗ್ಗ ಹಿಡಿದವನು ಉತ್ತರ ಕೊಡಲೇಬೇಕು. ಹೇಳುವುದು ಏನೂ ಇಲ್ಲದಿದ್ದರೆ ‘ಹ್ಞೂಂ’ ಆದರೂ ಅನ್ನಬೇಕು. ಕಲ್ಲು ಜಾರುತ್ತಿದ್ದರೆ ಜಾರುತ್ತಿದೆ ಅನ್ನಬೇಕು. ಉತ್ತರ ಬರಲಿಲ್ಲವೋ, ಕೆಳಗಿನವನು ಹಾರೆ ಇಟ್ಟು ಮೇಲೆ ಬಂದುಬಿಡಬೇಕು. ಬಂಡೆ ಒಡೆಯುವ ಕೆಲಸ ಹೆಚ್ಚಾಗಿ ಮುದ್ದಣ್ಣನದು. ಒಂದು ವರ್ಷ ಯಾರೋ ವ್ಯಾನಿನಲ್ಲಿ ಬಂದು ಅವನ ಎದೆಯ ಫೋಟೋ ತೆಗೆದು, ಕಫ ಹಿಡಿದು, ಆಮೇಲೆ ಹೇಳುತ್ತೇವೆ ಎಂದು ಹೋದರಂತೆ. ಯಾವ ಊರಿನವರು, ಏನು ಓದುವವರು ಎಂದು ಯಾರೂ ಕೇಳಿಟ್ಟುಕೊಳ್ಳಲಿಲ್ಲ. ರಸ್ತೆಯಲ್ಲಿ ಗಾಡಿ ಸದ್ದಾದಾಗೆಲ್ಲ ಮುದ್ದಣ್ಣ, ಆ ವ್ಯಾನೇನೋ ನೋಡು ಅನ್ನುತ್ತಿದ್ದನಂತೆ. ವರ್ಷ ತುಂಬುವ ಮೊದಲೇ ಕೆಮ್ಮಿ ಕೆಮ್ಮಿ ಹೋದ. ಅವನಿಗೆ ಏನಾಗಿತ್ತು ಎಂಬುದು ಎಲ್ಲೋ ಒಂದು ಕಾಗದದಲ್ಲಿ ಇದ್ದಿರಬೇಕು. ಅದು ಅವನಿಗೆ ಬರಲಿಲ್ಲ.

ಆದ್ದರಿಂದ ಡಾಕ್ಟರ್ ಸಹನಾ ಎಂಬ ಹುಡುಗಿ, ಎಂ.ಡಿ. ಓದುತ್ತಿದ್ದವಳು, ಕಲ್ಲಿನ ಧೂಳಿನಲ್ಲಿ ದುಡಿದವರ ಶ್ವಾಸಕೋಶ ನೋಡುತ್ತೇನೆ ಎಂದು ಬಂದಾಗ ಗಿರಿಯಣ್ಣ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಅವನಿಗೂ ಕೆಮ್ಮು ಶುರುವಾಗಿತ್ತು. ಆದರೆ ಅವನು ಹೇಳಿದ: “ನನ್ ಎದೇಲಿ ಏನೈತೆ ಅಂತ ನಾನು ತಿಳ್ಕಂಡೇ ಹೋಗ್ಬೇಕು ಕಣವ್ವ. ಬಂದು ಹೇಳ್ತೀಯಾ?” ಅವಳು ಬರುತ್ತೇನೆ ಅಂದಳು. ನನ್ನ ಗಾಡಿಯಲ್ಲೇ ತುಮಕೂರಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿ, ಉಸಿರು ಅಳೆಯುವ ಕೊಳವೆ ಊದಿಸಿ, ಸಂಜೆಗೆ ಮನೆ ಮುಟ್ಟಿಸಿದೆವು.

ಮೂರು ವಾರದ ಮೇಲೆ ಅವಳು ನನಗೆ ಫೋನ್ ಮಾಡಿದಳು. ಡ್ಯೂಟಿ ಬಿಡುತ್ತಿಲ್ಲ, ಪ್ರಬಂಧ ಒಪ್ಪಿಸುವ ಸಮಯ. ತಾತನ ಎದೆಯಲ್ಲಿ ಕಲ್ಲಿನ ಪುಡಿ ಕೂತು ಗಾಯ ಕಟ್ಟಿದೆ, ಅದು ಹೋಗುವುದಿಲ್ಲ. ಅದರ ಮೇಲೆ ಟಿ.ಬಿ. ಇರುವ ಅನುಮಾನವಿದೆ, ಕಫ ಪರೀಕ್ಷೆಗೆ ಬೇಗ ಬರಬೇಕು, ಟಿ.ಬಿ.ಗೆ ಔಷಧಿ ಇದೆ. ‘ನೀವು ಹೇಗೂ ಆ ಕಡೆ ಹೋಗ್ತಿರ್ತೀರಲ್ಲ, ಹೇಳಿಬಿಡಿ’ ಎಂದಳು.

ನಾನು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಆದರೆ ಜಗಲಿಯ ಮೇಲೆ ಅವನು ಮುಖ ಮೇಲೆತ್ತಿ ಕೂತಿದ್ದನ್ನು ನೋಡಿದಾಗ ನನ್ನ ವ್ಯಾಪಾರದ ನಾಲಿಗೆ ಮುಂದೆ ಬಂತು. ಅಂಥದ್ದೇನೂ ಇಲ್ಲವಂತೆ, ಸುಮ್ಮನೆ ಇನ್ನೊಂದು ಟೆಸ್ಟಿಗೆ ಬರಬೇಕಂತೆ ಅಂದೆ.

“ಅಂಥದ್ದೇನಿಲ್ದಿದ್ರೆ ಇನ್ನೊಂದು ಟೆಸ್ಟು ಯಾಕ್ಲಾ ಲೋಕೇಶ?”

ಸಾಕಮ್ಮ ಒಳಗಿನಿಂದ ಇಣುಕಿದಳು. ಗಿರಿಯಣ್ಣ ಬೈಯಲಿಲ್ಲ. ಕೆಮ್ಮು ನಿಲ್ಲುವ ತನಕ ಕಾದು, ನಿಧಾನವಾಗಿ ಹೇಳಿದ:

“ಬಾಡ್ಗೆ ಮಾತಾಡೋವಾಗ ಸುಳ್ಳೇಳು, ನಿನ್ನ ಹೊಟ್ಟೆಪಾಡು, ಬ್ಯಾಡ ಅನ್ನಲ್ಲ. ಬಾವೀಲಿ ಇರೋನಿಗೆ ಹೇಳ್ಬ್ಯಾಡ. ಮೇಲೆ ನಿಂತಿರೋನು ನೀನು. ನಿಂಗೆ ಕಾಣ್ತೈತೆ, ನಂಗೆ ಕಾಣಲ್ಲ. ಬುಡು. ಆವಮ್ಮ ಬಂದು ಹೇಳ್ಲಿ, ಅಲ್ಲೀಗಂಟ ನಾನು ಈ ಜಗಲಿ ಬುಟ್ಟು ಏಳಲ್ಲ.”

ಆಗ ನಿಜ ಹೇಳಿದೆ. ಈಗ ಹೇಳಿದರೂ ಅವನು ನಂಬಬೇಕಲ್ಲ? ಏಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಹತ್ತಿರ ನಿಂತೆ. ಸಹನಾ ಮೇಡಂ ಹೊರಗೆ ಬರಲು ಮಧ್ಯಾಹ್ನವಾಯಿತು. ಕಣ್ಣು ಕೆಂಪಗಾಗಿತ್ತು. ಆಗುವುದೇ ಇಲ್ಲ, ಗೈಡು ಬಿಡುವುದಿಲ್ಲ ಅಂದರು. ನನ್ನ ಜೀವನದಲ್ಲಿ ಎಷ್ಟೋ ಚೌಕಾಸಿ ಮಾಡಿದ್ದೇನೆ, ಟಯರಿನಿಂದ ಹಿಡಿದು ಸೈಟಿನ ತನಕ. ಅಷ್ಟು ಗಟ್ಟಿಯಾಗಿ ಯಾವತ್ತೂ ಹಿಡಿದಿರಲಿಲ್ಲ. ಭಾನುವಾರ ಬೇಡವೇ, ಗುರುವಾರ. ಇಡೀ ದಿನ ಬೇಡವೇ, ಬೆಳಿಗ್ಗೆ ಐದೂವರೆಗೆ ಹೊರಟು ವಾರ್ಡು ಶುರುವಾಗುವ ಮೊದಲು ತಂದು ಬಿಡುತ್ತೇನೆ. ಬಾಡಿಗೆ ಯಾರು ಕೊಡುತ್ತಾರೆ ಎಂದು ಕೇಳಿದರು. ಅದರ ಮಾತೇ ಬೇಡ ಅಂದೆ. ಕೊನೆಗೆ ಅವರಿಗೇ ನಗು ಬಂದು, ಆಯಿತು ಮಾರಾಯರೆ ಅಂದರು.

ಅವರು ಜಗಲಿಯ ಮೇಲೆ ಗಿರಿಯಣ್ಣನ ಪಕ್ಕದಲ್ಲೇ ಕೂತು, ಎಕ್ಸ್‌ರೇ ಹಾಳೆಯನ್ನು ಎಳೆಬಿಸಿಲಿಗೆ ಹಿಡಿದರು. ಕಪ್ಪಗಿರುವುದು ಗಾಳಿ ತಾತ, ಈ ಬಿಳಿ ಚುಕ್ಕೆಗಳು ನೀವು ಒಡೆದ ಕಲ್ಲಿನ ಪುಡಿ ಮಾಡಿದ ಗಾಯ ಎಂದರು. ಗಿರಿಯಣ್ಣ ಬೆರಳಿಟ್ಟು ಮೇಲಿನಿಂದ ಕೆಳಗೆ ಇಳಿಸಿಕೊಂಡು ಹೋದ, ಪದರ ಎಣಿಸುವವನ ಹಾಗೆ. ಇದನ್ನು ತೆಗೆಯಲು ಆಗುತ್ತಾ ಎಂದು ಕೇಳಿದ. ಆಗುವುದಿಲ್ಲ ಎಂದರು. ಇನ್ನೊಂದರ ಅನುಮಾನವಿದೆ, ಅದನ್ನು ವಾಸಿ ಮಾಡಬಹುದು, ಅದಕ್ಕೇ ಕರೆಯುತ್ತಿದ್ದೇನೆ ಎಂದರು. ಅವನು ಪ್ರತಿ ಮಾತಿಗೂ ‘ಹ್ಞೂಂ’ ಅನ್ನುತ್ತಿದ್ದ. ನಾನು ಮೊದಲ ಸಲ ಸುಮ್ಮನೆ ಕೂತಿದ್ದೆ.

“ನನ್ ತಮ್ಮಂಗೂ ಇದೇ ಆಗಿತ್ತೇನವ್ವ?”

“ನಾನು ಅವರನ್ನ ನೋಡಿಲ್ಲ ತಾತ. ಇರಬಹುದು. ಗೊತ್ತಿಲ್ಲ.”

ಗಿರಿಯಣ್ಣ ಎಕ್ಸ್‌ರೇಯನ್ನು ಮಡಿಲಲ್ಲಿ ಇಟ್ಟುಕೊಂಡ. ಆಮೇಲೆ ಸಾಕಮ್ಮನಿಗೆ ಟವೆಲು ತಾ ಎಂದು ಹೇಳಿ, ತಾನೇ ನಡೆದು ಬಂದು ಗಾಡಿ ಹತ್ತಿದ.

ಟಿ.ಬಿ. ಇತ್ತು. ಮಾತ್ರೆ ಒಂದು ದಿನವೂ ತಪ್ಪಿಸದೆ ನುಂಗಿದ. ಅವನ ಜೊತೆ ಗಾಜು ಏರಿಸಿಕೊಂಡು ಓಡಾಡಿದ ನನಗೂ, ಮನೆಯಲ್ಲಿದ್ದ ಸಾಕಮ್ಮನಿಗೂ ಡಾಕ್ಟರು ಪರೀಕ್ಷೆ ಮಾಡಿಸಿದರು, ನಮಗೇನೂ ಇರಲಿಲ್ಲ. ಕಲ್ಲಿನ ಪುಡಿ ಮಾತ್ರ ತನ್ನ ಜಾಗ ಬಿಡಲಿಲ್ಲ. ಆದರೂ ಇನ್ನೂ ನಾಲ್ಕು ವರ್ಷ ಅವನು ಆ ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಪಾಠ ಹೇಳಿದ. ಹತ್ತನೇ ಕ್ಲಾಸಿಗೆ ನಿಂತ ನನಗೆ ಕಲ್ಲು, ಬಣ್ಣ, ವೈದ್ಯ, ವೇದಾಂತ ಎಲ್ಲವೂ ಅಷ್ಟಿಷ್ಟು ಕಿವಿಗೆ ಬಿದ್ದದ್ದು ಅಲ್ಲೇ. ಬೇರೆ ಬೇರೆ ಬಿಲ್ಡಿಂಗಿನಲ್ಲಿ ಕೂತು ಓದುವ ಇವರೆಲ್ಲ ಒಂದೇ ಗುಂಡಿಯ ಸುತ್ತ ನಿಂತು ಬಗ್ಗಿ ನೋಡುತ್ತಿದ್ದಾರೆ ಎಂದು ನನಗೆ ಅನ್ನಿಸಿದ್ದೂ ಅಲ್ಲೇ. ಈ ಋಣ ನಾನು ಬಾಡಿಗೆ ಕಡಿಮೆ ಮಾಡಿ ತೀರಿಸುವಂಥದ್ದಲ್ಲ.

ಕೊನೆಯ ಸಲ ಅವನನ್ನು ನೋಡಿದ್ದು, ಕನ್ನಡ ವಿಭಾಗದ ಹುಡುಗಿಯೊಬ್ಬಳನ್ನು ಕರೆದುಕೊಂಡು ಹೋದಾಗ. ಅವಳು ಬಾವಿ ಕೆಲಸದ ಪದಗಳನ್ನು ಕೂಡಿಹಾಕುತ್ತಿದ್ದಳು. ಗಿರಿಯಣ್ಣನಿಗೆ ಎರಡು ಮಾತಿಗೆ ಉಸಿರು ಹತ್ತುತ್ತಿತ್ತು. “ಚಿಕ್ಕ ಚಿಕ್ಕ ಪ್ರಶ್ನೆ ಕೇಳವ್ವ, ಉಸ್ರು ಕಮ್ಮಿ ಐತೆ” ಅಂದ. ಆದರೂ ಸಂಜೆಯ ತನಕ ಹೇಳಿದ. ಹೊರಡುವಾಗ ನನ್ನ ಗಾಡಿಯ ಹಿಂದಿನ ಟಯರು ಸವೆದಿದೆ, ಬದಲಾಯಿಸು ಎಂದು ಬೈದ.

ಆರು ತಿಂಗಳಿಗೆ ಅವನು ಹೋದ ಸುದ್ದಿ ಬಂತು. ಆ ಹುಡುಗಿ ಫೋನ್ ಮಾಡಿ, ಇನ್ನು ಯಾರಿಗೆ ಹೇಳುವುದು, ಎರಡನೇ ಟ್ರಿಪ್ಪು ಕ್ಯಾನ್ಸಲ್ ಮಾಡಿ ಎಂದಳು. ನಾನು ಮಾಡಲಿಲ್ಲ. ಹೋದೆವು. ಅವಳು ಖಾಲಿ ಜಗಲಿಯ ಮೇಲೆ ಕೂತು ಪದಗಳನ್ನು ಒಂದೊಂದಾಗಿ ಓದತೊಡಗಿದಳು. ಅರ್ಧ ಆಗುವಾಗ ಸಾಕಮ್ಮ ಸೆರಗಿನಲ್ಲಿ ಕೈ ಒರೆಸುತ್ತಾ ಬಂದು, ಒಲೆ ಮೇಲೆ ಸಾರಿತ್ತು, ಕೇಳಿಸಲಿಲ್ಲ, ಮೊದಲಿಂದ ಓದು ಎಂದಳು. ಹುಡುಗಿ ಓದಿದರೆ, ನಾಲ್ಕನೇ ಪದಕ್ಕೇ ಸಾಕಮ್ಮ ತಡೆದಳು. ಅದು ಹಾಗಲ್ಲ ಅಂದಳು. ಆಮೇಲೆ ಇನ್ನೊಂದು ತಪ್ಪು, ಬಿಟ್ಟುಹೋಗಿದ್ದ ಹತ್ತಾರು ಪದ. ನಿಮಗೆ ಇದೆಲ್ಲ ಹೇಗೆ ಗೊತ್ತು ಅಜ್ಜಿ ಎಂದು ಹುಡುಗಿ ಕೇಳಿದಳು.

“ಅವ್ರು ತೋಡಿದ ಮಣ್ಣೆಲ್ಲ ತಲೆ ಮೇಲೆ ಹೊತ್ತಾಕ್ದೋಳು ನಾನಲ್ವೇನವ್ವ. ನನ್ನ ಯಾರೂ ಕೇಳ್ನೇ ಇಲ್ವಲ್ಲ.”

ಇಷ್ಟು ವರ್ಷ ಅಷ್ಟು ಜನರನ್ನು ಕರೆದುಕೊಂಡು ಹೋದ ನಾನೂ ಕೇಳಿರಲಿಲ್ಲ.

ಆದ್ದರಿಂದ ಹೇಳುತ್ತೇನೆ. ಯಾರಾದರೂ ಬಂದು ನಿಮ್ಮ ರಕ್ತ, ನಿಮ್ಮ ಹಾಡು, ನಿಮ್ಮ ಹೊಲದ ಮಣ್ಣು ಕೇಳಿದರೆ ಕೊಡಿ, ಓದುವವರಿಗೆ ಇಲ್ಲ ಅನ್ನಬೇಡಿ. ಕೊಡುವ ಮೊದಲು ಅವರ ಹೆಸರು, ವಿಭಾಗ, ಫೋನ್ ನಂಬರು, ಗೈಡಿನ ಹೆಸರು, ಯಾವ ತಿಂಗಳು ಬಂದು ಹೇಳುತ್ತಾರೆ ಎಂಬುದು, ಇಷ್ಟನ್ನೂ ಕ್ಯಾಲೆಂಡರಿನ ಹಿಂದೆ ಅವರ ಕೈಯಲ್ಲೇ ಬರೆಸಿ. ನೀವೇ ಓದುವ ಮಕ್ಕಳಾದರೆ ಗಾಡಿ ಮಾತಾಡುವಾಗಲೇ ಹೋಗುವುದಕ್ಕೂ ಮತ್ತೆ ಬರುವುದಕ್ಕೂ ಒಟ್ಟಿಗೆ ರೇಟು ಮಾಡಿ, ಕಡಿಮೆಗೆ ಬರುತ್ತದೆ. ಪ್ರಬಂಧ ಒಪ್ಪಿಸುವ ಮೊದಲೇ ಹೋಗಿ. ಒಪ್ಪಿಸಿದ ಮೇಲೆ ಯಾರೂ ಹೋಗುವುದಿಲ್ಲ, ನೋಡಿದ್ದೇನೆ. ಕೆಟ್ಟ ಸುದ್ದಿಯನ್ನು ಡ್ರೈವರ್ ಕೈಯಲ್ಲಿ ಕಳಿಸಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಮನೆಯ ಹೆಂಗಸರು ಒಲೆಯ ಮುಂದಿದ್ದರೆ ಅವರು ಕೈ ಒರೆಸಿಕೊಂಡು ಬಂದು ಕೂರುವ ತನಕ ಪುಸ್ತಕ ತೆರೆಯಬೇಡಿ.