ಸರದ ಮೇಲೆ ನಿಂತ ಚಂದ್ರಿ

ನೆನೆದ ಪಟಾಕಿಗೆ ಒಂದು ವಾಸನೆ ಇದೆ. ಸುಟ್ಟ ಪಟಾಕಿಯದು ಎಲ್ಲರಿಗೂ ಗೊತ್ತಿರುವಂಥದ್ದೇ, ಮೂಗಿಗೆ ಅಡರಿ ಗಂಟಲು ಕೆರೆಯುತ್ತದೆ. ನೆನೆದದ್ದರ ವಾಸನೆ ತಣ್ಣಗಿರುತ್ತದೆ. ಹಸಿ ರದ್ದಿ ಕಾಗದ, ಗಂಧಕ, ಸ್ವಲ್ಪ ತುಕ್ಕು, ಎಲ್ಲ ಕಲೆತ ವಾಸನೆ. ಈ ಸಲ ದೀಪಾವಳಿ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಕಲಬುರಗಿಯಲ್ಲಿ ಹನಿ ಮಳೆ ಬಿದ್ದಿತ್ತು. ಸೇಡಂ ರಸ್ತೆಯ ಒಳಗಿರುವ ನಮ್ಮ ಬಡಾವಣೆಯಲ್ಲಿ ಬಾಗಿಲು ತೆರೆದರೆ ಓಣಿ ತುಂಬ ಕೆಂಪು ಕಾಗದದ ಚೂರು, ಮತ್ತು ಆ ವಾಸನೆ. ನಮ್ಮ ನಾಯಿ ರಾಣಿ ಹಿಂದಿನ ಸಂಜೆ ಬಚ್ಚಲುಮನೆಯ ಮೂಲೆ ಸೇರಿದ್ದು ಇನ್ನೂ ಹೊರಗೆ ಬಂದಿರಲಿಲ್ಲ. ಮುಟ್ಟಿದರೆ ಮೈಯೆಲ್ಲ ನಡುಕ. ಎದುರು ಮನೆಯವರು ಗೇಟಿನ ಬಳಿ ನಿಂತು, "ಮೇಡಂ, ವರ್ಷಕ್ಕೊಮ್ಮಿ ಬರೋ ಹಬ್ಬ ರೀ. ನಾಯಿ ಸಲುವಾಗಿ ಹಬ್ಬ ಬಿಡ್ಲಿಕ್ಕಿ ಆಗ್ತದೇನ್ರಿ?" ಎಂದರು. "ಹಬ್ಬ ಯಾರು ಬಿಡು ಅಂದಾರ್ರಿ? ಹಬ್ಬದಾಗ ಮೂಕಪ್ರಾಣಿನ ಅಂಜಿಸ್ಬೇಕಂತ ಎಲ್ಲಿ ಬರ್ದದ, ತೋರಿಸ್ರಿ" ಎಂದೆ. ಅವರು ಮುಖ ಸಿಂಡರಿಸಿ ಒಳಗೆ ಹೋದರು. ಹೋಗಲಿ. ನನ್ನ ಬಾಯಿ ಹೀಗಾಗಲು ಕಾರಣ ನಮ್ಮ ನೀಲಮ್ಮತ್ತೆ, ಅಪ್ಪನ ಅಕ್ಕ. ಆ ನೆನೆದ ಪಟಾಕಿಯ ವಾಸನೆಯನ್ನು ನನಗೆ ಮೊದಲು ತೋರಿಸಿದವಳೂ ಅವಳೇ.

ಆಗ ನಾವು ಕಮಲಾಪುರದಲ್ಲಿದ್ದೆವು. ಬಜಾರಿನ ರಸ್ತೆಗೆ ಮುಖ ಮಾಡಿ ಅಪ್ಪನ ಅಪ್ಪ, ನಮ್ಮ ಮುತ್ಯಾನ ಕಿರಾಣಿ ಅಂಗಡಿ, ಅದರ ಬೆನ್ನಿಗೆ ಮನೆ. ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆ, ಬೇಸಿಗೆಯಲ್ಲೂ ಒಳಗೆ ಹೋದರೆ ಬಾವಿಯ ತಂಪು. ನಮ್ಮ ಕಡೆಯ ಹಳೆ ಮನೆಗಳನ್ನು ನೋಡಿದವರಿಗೆ ಗೊತ್ತು, ದನಕ್ಕೂ ಜನಕ್ಕೂ ಒಂದೇ ಬಾಗಿಲು, ಒಂದೇ ಮಾಳಿಗೆ. ಒಳಗೆ ಕಾಲಿಟ್ಟರೆ ಮೊದಲು ದನ ಕಟ್ಟುವ ಜಾಗ, ಮೇವಿನ ಗ್ವಾದಲಿ. ಎರಡು ಮೆಟ್ಟಿಲು ಹತ್ತಿದರೆ ನಾವು ಮಲಗುವ ಪಡಸಾಲೆ. ರಾತ್ರಿ ಎಚ್ಚರವಾದರೆ ಎಮ್ಮೆ ಮೆಲುಕು ಹಾಕುವ ಸಪ್ಪಳ ಕೇಳುತ್ತಿತ್ತು, ಅದನ್ನು ಕೇಳುತ್ತಲೇ ಮತ್ತೆ ನಿದ್ದೆ ಬರುತ್ತಿತ್ತು. ಜೋಳದ ಕಣಿಕೆಯ ಸಿಹಿ ವಾಸನೆ, ಸಗಣಿ, ಅಂಗಡಿಯಿಂದ ತೇಲಿ ಬರುವ ಬೆಲ್ಲ, ಒಣಮೆಣಸಿನಕಾಯಿ, ತೊಲೆಗೆ ತೂಗುಹಾಕಿದ ಕಮಲಾಪುರದ ಕೆಂಪು ಬಾಳೆಗೊನೆ ಹಣ್ಣಾಗುವ ಘಮ. ಈಗ ಯಾವ ಅಂಗಡಿಗೆ ಹೋದರೂ ಅವೆಲ್ಲ ಒಂದೇ ಉಸಿರಿಗೆ ಸಿಗುವುದಿಲ್ಲ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ನೀಲಮ್ಮತ್ತೆಗೆ ಆ ಮನೆಯಲ್ಲಿ ತನ್ನದು ಅಂತ ಇದ್ದದ್ದು ಒಂದೇ, ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಎಮ್ಮೆ, ಚಂದ್ರಿ. ಅದರ ಹಾಲು ಮಾರಿ ಅವಳು ತನ್ನ ಸೀರೆ ತಾನು ಕೊಳ್ಳುತ್ತಿದ್ದಳು, ಯಾರ ಮುಂದೂ ಕೈ ಚಾಚದೆ. ನಮಗೆಲ್ಲ ಅವಳನ್ನು ಕಂಡರೆ ಅಂಜಿಕೆ. ಚಂದ್ರಿಯ ಹತ್ತಿರ ಮಾತ್ರ ಅವಳ ದನಿ ಬೆಣ್ಣೆಯಾಗುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇದ್ದಿರಬೇಕು, ಮಂದಿಗೆ ಖಾರ, ದನಕ್ಕೆ ಬೆಲ್ಲ.

ವ್ಯಾಪಾರಸ್ಥರ ಮನೆಗಳಲ್ಲಿ ಅಮಾವಾಸ್ಯೆಯ ಸಂಜೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ. ತಕ್ಕಡಿ, ತೂಕದ ಕಲ್ಲುಗಳಿಗೆ ವಿಭೂತಿ, ಕುಂಕುಮ, ಚೆಂಡುಹೂವು. ಬಾಗಿಲಿಗೆ ಕಬ್ಬು, ಬಾಳೆ. ಮಂಗಳಾರತಿ ಮುಗಿದದ್ದೇ ಅಂಗಡಿಯ ಮೆಟ್ಟಿಲಿನಿಂದ ಬೀದಿಯುದ್ದಕ್ಕೆ ಪಟಾಕಿ ಸರ ಹಾಸಿ ಬತ್ತಿ ಹಚ್ಚಬೇಕು. ಆ ಸರ ನಡುವೆ ಎಲ್ಲೂ ಆರದೆ ಕೊನೆಯ ತನಕ ಹೊಡೆಯಬೇಕು; ನಡುವೆ ನಿಂತರೆ ವರ್ಷದ ವ್ಯಾಪಾರವೂ ನಡುವೆ ನಿಂತಂತೆ ಅಂತ ನಂಬಿಕೆ. ಒಂದು ವರ್ಷ ಸರ ಭರ್ಜರಿಯಾಗಿಯೇ ಹೊಡೆದಿತ್ತು. ಗೋಡೆಯ ಆಚೆ ತುಂಬಿದ ಗಬ್ಬದ ಚಂದ್ರಿ ಹಗ್ಗ ಹರಿದುಕೊಂಡು, ಹಾಸುಗಲ್ಲಿನ ಮೇಲೆ ಜಾರಿ ಬಿದ್ದಿದ್ದಳು. ಮರುದಿನ ಕಂದು ಹಾಕಿದಳು. ಸತ್ತ ಕರುವನ್ನು ನೆಕ್ಕುತ್ತಾ ಅವಳು ಕೂಗಿದ ಕೂಗು ನನ್ನ ಕಿವಿಯಲ್ಲಿ ಇಂದಿಗೂ ಇದೆ.

ಮನೆಯ ಹಿರಿಯರು ಏನು ಮಾಡಿದರು ಅಂತೀರಿ? ದೃಷ್ಟಿ ತಗಲಿದೆ ಅಂದರು. ಉಪ್ಪು ಮೆಣಸಿನಕಾಯಿ ನಿವಾಳಿಸಿದರು, ಬಾಗಿಲಿಗೆ ಹಳೆ ಚಪ್ಪಲಿ ಕಟ್ಟಿದರು, ಚಂದ್ರಿಯ ಕೊರಳಿಗೆ ಕರಿ ಉಣ್ಣೆಯ ದಾರ ಬಂತು. ದಿನಾ ಮಜ್ಜಿಗೆಗೆ ಬರುತ್ತಿದ್ದ ಕಾಶೆಮ್ಮ ಅನ್ನುವ ಮುದುಕಿ ಒಮ್ಮೆ "ಎಂಥಾ ಕೆಚ್ಚಲ ರೀ ಇದು" ಅಂದಿದ್ದಳಂತೆ. ಅವಳ ಕಣ್ಣೇ ಬಿದ್ದದ್ದು ಅಂತ ತೀರ್ಮಾನವಾಗಿ, ಅವಳಿಗೆ ಮಜ್ಜಿಗೆ ಬಂದ್. ಇಡೀ ಊರಿಗೆ ಕೇಳಿಸಿದ ಸದ್ದು ನಮ್ಮ ಮನೆಯವರಿಗೆ ಕೇಳಿಸಿರಲೇ ಇಲ್ಲ! "ಕಣ್ಣು ಬಿದ್ದಿಲ್ಲ ಯಪ್ಪಾ, ಅದರ ಕಿವ್ಯಾಗ ಬೆಂಕಿ ಬಿದ್ದದ" ಎಂದು ನೀಲಮ್ಮತ್ತೆ ಮುತ್ಯಾನಿಗೆ ಹೇಳಿದಳು. ಹೆಣ್ಣುಮಕ್ಕಳ ಮಾತು ಅಂತ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುವರ್ಷ ದೀಪಾವಳಿಗೆ ಚಂದ್ರಿ ಮತ್ತೆ ತುಂಬಿದ ಗಬ್ಬ. ಮುತ್ಯಾ ಮೊದಲೇ ಹೇಳಿಬಿಟ್ಟಿದ್ದ: "ಈ ಸಲಾನೂ ಕಂದು ಹಾಕಿದ್ರ ಸಂತಿಗಿ ಹೊಡಿಯೋದೇ. ಗೊಡ್ಡು ಎಮ್ಮಿ ಕಟ್ಕೊಂಡು ಯಾರು ಕೂಡ್ತಾರ?" ಸಂತೆಗೆ ಹೋದ ಗೊಡ್ಡೆಮ್ಮೆ ಎಲ್ಲಿ ಮುಟ್ಟುತ್ತದೆ ಅನ್ನುವುದು ನಮ್ಮಂಥ ಹುಡುಗರಿಗೂ ಗೊತ್ತಿತ್ತು. ಸರ ಬೇಡ ಅಂತ ಅತ್ತೆ ಬೇಡಿಕೊಂಡಳು. ಆಗಲಿಲ್ಲ. ಹೋಗಲಿ, ಆ ಒಂದು ದಿನ ಮಹಾಗಾಂವದ ಬೀಗರ ಹೊಲದಲ್ಲಿ ಕಟ್ಟಿ ಬರುತ್ತೇನೆ ಅಂದಳು. ಮುತ್ಯಾ ಗದರಿದ: "ಹಬ್ಬದ ದಿನ ಮನಿ ಲಕ್ಷ್ಮಿನ್ನ ಮನಿ ಹೊರಗ ಕಳಿಸ್ತಾರೇನ? ಬುದ್ಧಿ ಎಲ್ಲಿಟ್ಟಿ?" ಅತ್ತೆ ಆ ಮೇಲೆ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಾದದ್ದನ್ನು ನೋಡಿ ಎಲ್ಲರೂ ಒಪ್ಪಿಕೊಂಡಳು ಅಂದುಕೊಂಡರು. ನಾನು ಮಾತ್ರ ಹಾಗೆ ಅಂದುಕೊಳ್ಳಲಿಲ್ಲ. ಸುಮ್ಮನಿರುವುದು ಅವಳ ಜಾಯಮಾನವೇ ಅಲ್ಲ.

ಅಂದು ದೀಪ ಹಚ್ಚುವ ಹೊತ್ತಿಗೆ ಬಜಾರು ತುಂಬ ಎಣ್ಣೆ, ಊದುಬತ್ತಿಯ ಹೊಗೆ. ನಾನು ಹೊಸ ಲಂಗ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದೆ. ಮಂಗಳಾರತಿ ಆಯಿತು. ಅಪ್ಪನ ತಮ್ಮ, ನಮ್ಮ ಕಾಕಾ, ಕಲಬುರಗಿಯಿಂದ ತಂದಿದ್ದ ಸರವನ್ನು ಮೆಟ್ಟಿಲಿನಿಂದ ಬೇವಿನ ಮರದ ತನಕ ಹಾಸಿ, ಉರಿಯುವ ಊದುಬತ್ತಿ ಹಿಡಿದು ಬಗ್ಗಿದ. ಅಷ್ಟರಲ್ಲಿ ಹಿತ್ತಲ ಸಂದಿಯಿಂದ ನೀಲಮ್ಮತ್ತೆ ಬಂದಳು. ಕೈಯಲ್ಲಿ ಹಗ್ಗ, ಹಗ್ಗದ ಹಿಂದೆ ಚಂದ್ರಿ, ಕೊಂಬಿಗೆ ಚೆಂಡುಹೂವಿನ ಮಾಲೆ. ತುಂಬಿದ ಹೊಟ್ಟೆ ಅತ್ತಿತ್ತ ತೂಗುತ್ತಾ ನಿಧಾನಕ್ಕೆ ಬಂದ ಎಮ್ಮೆಯನ್ನು ಅತ್ತೆ ನೇರ ಸರದ ನಡುವೆ ತಂದು ನಿಲ್ಲಿಸಿ, ತಾನೂ ಪಕ್ಕದಲ್ಲಿ ನಿಂತಳು.

"ಲಕ್ಷ್ಮಿ ಅಂತ ನೀವೇ ಅಂದ್ರಿ ಯಪ್ಪಾ. ಲಕ್ಷ್ಮಿ ಅಂಗಡಿ ಬಾಗಿಲಿಗಿ ಬಂದು ನಿಂತಾಳ. ಈಗ ಹಚ್ರಿ" ಎಂದಳು.

ಬೀದಿಯ ಮಂದಿ ಅಂಗಡಿಯ ಮುಂದೆ ಗುಂಪುಗೂಡಿದರು. ಕಾಕಾನ ಕೈಯಲ್ಲಿ ಊದುಬತ್ತಿ ಬೂದಿ ಉದುರಿಸುತ್ತಿತ್ತು. ಮುತ್ಯಾನ ಮುಖ ಕೆಂಪೇರಿತು. "ನೀಲಾ, ಮುಹೂರ್ತ ಮೀರ್ಲಿಕತ್ತದ. ಎಮ್ಮಿ ಒಳಗ ಕಟ್ಟು" ಎಂದ. "ಮೀರಿದ್ರ ಮೀರ್ಲಿ. ಅಮಾಸಿ ಮತ್ತ ಬರ್ತದ, ಹೊಟ್ಯಾಗಿನ ಕರು ಮತ್ತ ಬರಂಗಿಲ್ಲ" ಎಂದಳು ಅತ್ತೆ. ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಇವರ ಈ ಜಟಾಪಟಿಯ ನಡುವೆ ಚಂದ್ರಿ ಬಾಲ ಎತ್ತಿದಳು. ಎಮ್ಮೆ ಬಾಲ ಎತ್ತಿದರೆ ಮುಂದಿನದು ಗೊತ್ತಲ್ಲ. ತುಂಬಿದ ಬಿಂದಿಗೆ ಬೋರಲು ಹಾಕಿದ ಹಾಗೆ ಧೋ ಎಂದು ಸುರಿಯಿತು. ಸರ ತೊಯ್ದು ತೊಪ್ಪೆಯಾಯಿತು, ಕೆಂಪು ಬಣ್ಣ ಬಿಟ್ಟು ಬೀದಿಯಲ್ಲಿ ಹರಿಯಿತು. ಪಕ್ಕದ ಮನೆಯ ಬೇಗಂ ಚಾಚಿ, ಆಡುಗಳನ್ನು ಒಳಗೆ ಕಟ್ಟಿ ಆಗಷ್ಟೇ ಹೊರಗೆ ಬಂದವಳು, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಅರೇ ವ್ಹಾ! ನಿಮ್ಮ ಪೂಜಾ ಎಮ್ಮಿನೇ ಮುಗಿಸಿಬಿಡ್ತಲ್ರೀ ಸಾವಕಾರ್ರೇ!" ಎಂದಳು. ಅವಳ ಹಿಂದೆ ಇಡೀ ಬಜಾರು ನಕ್ಕಿತು. ಮುತ್ಯಾ ಅಂಗಡಿಯ ಬಾಗಿಲು ಧಡಾರನೆ ಹಾಕಿಕೊಂಡ. ನೆನೆದ ಪಟಾಕಿಯ ಆ ವಾಸನೆಯಲ್ಲಿ ನಿಂತು ನಾನು ಚಪ್ಪಾಳೆ ತಟ್ಟಿ, ಅವ್ವನಿಂದ ಬೆನ್ನಿಗೆ ಗುದ್ದು ತಿಂದೆ.

ಮುಂದಿನ ತಿಂಗಳ ಚಟ್ಟಿ ಅಮಾವಾಸ್ಯೆಯ ತನಕ ಮನೆಯಲ್ಲಿ ಅತ್ತೆಯ ಜೊತೆ ಯಾರೂ ಮಾತಾಡಲಿಲ್ಲ. ಅವಳು ಗ್ವಾದಲಿಯ ಪಕ್ಕದಲ್ಲೇ ರೊಟ್ಟಿ ತಿಂದಳು, ಅಲ್ಲೇ ಕೌದಿ ಹಾಸಿ ಮಲಗಿದಳು. ಒಂದು ಬೆಳಿಗ್ಗೆ ಚಂದ್ರಿ ಈದಳು. ಹೆಣ್ಣುಗರು, ಕಡುಕಪ್ಪು, ಒದ್ದೆ ಕಿವಿಗಳನ್ನು ಪಟಪಟ ಬಡಿಯುತ್ತಿತ್ತು. ಅತ್ತೆ ಅದರ ಮೂತಿ ಒರೆಸುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಕಾಸಿದಾಗ ಮೊದಲ ಬಟ್ಟಲು ದೇವರಿಗೂ ಇಡಲಿಲ್ಲ, ಮುತ್ಯಾನಿಗೂ ಇಡಲಿಲ್ಲ; ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಕಾಶೆಮ್ಮನ ಕೈಗೆ ಕೊಟ್ಟು ಬಂದಳು. ಮುತ್ಯಾ ಎರಡು ಸಲ ಹಾಕಿಸಿಕೊಂಡು ಉಂಡ. ತಪ್ಪಾಯಿತು ಅಂತ ಮಾತ್ರ ಸಾಯುವ ತನಕ ಅನ್ನಲಿಲ್ಲ. ಬಜಾರಿನ ವ್ಯಾಪಾರವೆಲ್ಲ ಕಲಬುರಗಿಗೆ ಸರಿದು, ಬಹಳ ವರ್ಷಗಳ ಮೇಲೆ ಅಂಗಡಿ ಮುಚ್ಚಿದಾಗಲೂ, "ಅವತ್ತ ಸರ ನಿಂತದ್ದಕ್ಕ ಹಿಂಗಾಯ್ತು" ಅನ್ನುತ್ತಿದ್ದ. ಅತ್ತೆ ಅದನ್ನು ಕೇಳಿಯೂ ಹುಲ್ಲು ಹಾಕುವ ಕೈ ನಿಲ್ಲಿಸುತ್ತಿರಲಿಲ್ಲ.

ಆ ಮನೆ ಈಗಿಲ್ಲ. ರಸ್ತೆ ಅಗಲವಾಗುವಾಗ ಮುಂದಿನ ಅರ್ಧ ಹೋಯಿತು, ಉಳಿದದ್ದನ್ನು ನಾವೇ ಕೆಡವಿದೆವು. ಕಾಕಾನ ಮಗ ಬಸವರಾಜ ಅಲ್ಲೇ ಹಿಂದೆ ಕಟ್ಟಿಸಿದ ಸಿಮೆಂಟಿನ ಮನೆಯಲ್ಲಿ ಅತ್ತೆಯನ್ನು ಚೆನ್ನಾಗಿಯೇ ನೋಡಿಕೊಂಡ. ಅದರ ಗೋಡೆ ತೆಳು, ಒಳಗೆ ಎಮ್ಮೆಗೆ ಜಾಗವಿಲ್ಲ. ಹೋದ ವರ್ಷ ಅತ್ತೆ ಹೋದಳು ಅಂತ ಫೋನ್ ಬಂದು ನಾನು ಓಡಿದೆ. ಅಂಗಳದಲ್ಲಿ ಹೂವಿನ ವಿಮಾನ ಕಟ್ಟಿ ಅವಳನ್ನು ಕೂಡಿಸಿದ್ದರು, ಹಣೆ ತುಂಬ ವಿಭೂತಿ. ಪಕ್ಕದಲ್ಲಿ ಒಂದು ದೊಡ್ಡ ಪಟಾಕಿ ಡಬ್ಬಿ. ತುಂಬು ಬಾಳು ಬಾಳಿದವರನ್ನು ಹೀಗೆ ಕಳಿಸುವುದು ಈಚೆಗೆ ಬಂದ ಪದ್ಧತಿ. ಬಸವರಾಜ ಪ್ರೀತಿಯಿಂದಲೇ ತರಿಸಿದ್ದ. ನಾನು ಹೋಗಿ ಆ ಡಬ್ಬಿಯ ಮೇಲೆ ಕುಳಿತುಬಿಟ್ಟೆ.

"ಅಕ್ಕಾ, ಏಳು. ಧೂಮಧಾಮ್ ಇಲ್ದ ಕಳಿಸಿದ್ರ ಮಂದಿ ಏನಂತಾರ?" ಎಂದ ಅವನು.

"ಮಂದಿ ಅಂದದ್ದು ಆಕಿ ಯಾವಾಗ ಕೇಳ್ಯಾಳೋ?" ಎಂದೆ. ಅಳು ಬರುತ್ತಿತ್ತು, ಆದರೂ ಏಳಲಿಲ್ಲ.

ಕೋಲು ಊರಿಕೊಂಡು ಮೂಲೆಯಲ್ಲಿ ಕುಳಿತಿದ್ದ ಕಾಕಾ ಎದ್ದು ನಮ್ಮ ಹತ್ತಿರ ಬಂದ. ಆ ಮೇಲೆ ಮಗನಿಗೆ, "ಬ್ಯಾಡ ಬಿಡೋ ಬಸ್ಯಾ. ನಾ ಅವತ್ತೂ ಹಚ್ಚಲಿಲ್ಲ, ಇವತ್ತೂ ಬ್ಯಾಡ" ಎಂದ.

ಬರಿಯ ಭಜನೆಯ ತಾಳದಲ್ಲಿ ಅತ್ತೆಯನ್ನು ಕರೆದುಕೊಂಡು ಹೊರಟೆವು. ಜನ ಏನೇನೋ ಅಂದುಕೊಂಡರು, ನನಗೆ ಕೇಳಿಸುವ ಹಾಗೆಯೇ ಅಂದರು. ನಾನು ತಲೆ ಎತ್ತಿಕೊಂಡೇ ನಡೆದೆ. ಊರ ಹೊರಗಿನ ದಾರಿಯಲ್ಲಿ ಯಾರದೋ ಎಮ್ಮೆಗಳು ಬೇಲಿಯ ನೆರಳಿಗೆ ಕಾಲು ಮಡಚಿ ಮಲಗಿದ್ದವು. ನೀಲಮ್ಮತ್ತೆ ಅವುಗಳ ಮುಂದೆಯೇ ಹಾದು ಹೋದಳು. ಒಂದೂ ಎದ್ದು ನಿಲ್ಲಲಿಲ್ಲ, ಒಂದೂ ಹಗ್ಗ ಜಗ್ಗಲಿಲ್ಲ.