ಭಾವಮೈದನ ಕೈಯ ಹಗ್ಗ

ದಾರಿ ತೋರಿಸಲೆಂದು ಒಬ್ಬ ಮನುಷ್ಯನನ್ನು ನಾನು ಗೊತ್ತುಮಾಡಿದ್ದು ಜೀವನದಲ್ಲಿ ಒಂದೇ ಸಲ. ಅವನ ಕೈಗೆ ವೀಳ್ಯ ಕೊಟ್ಟು, ನನ್ನ ಅಣ್ಣನನ್ನು ಅರ್ಧ ದಾರಿಯಲ್ಲೇ ವಾಪಸು ಕರೆದುಕೊಂಡು ಬಂದುಬಿಡು ಎಂದು ಗುಟ್ಟಾಗಿ ಹೇಳಿ ಬಂದೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಈಗ ಬರೆಯಲು ಕುಳಿತಿರುವುದು ನನ್ನ ಅಣ್ಣನ ಗೆಲುವನ್ನು. ನನ್ನ ತಪ್ಪನ್ನು ಬಿಟ್ಟು ಅದನ್ನು ಹೇಳಲು ಬರುವುದಿಲ್ಲ.

ನಮ್ಮ ಊರು ದೊಡ್ಡಬಳ್ಳಾಪುರಕ್ಕೆ ನಾಲ್ಕು ಮೈಲಿ. ಅಪ್ಪ ಬೇಗ ತೀರಿಕೊಂಡದ್ದರಿಂದ ಅಣ್ಣ ಹದಿನಾಲ್ಕನೆಯ ವಯಸ್ಸಿಗೇ ನೇಗಿಲು ಹಿಡಿದ. ನನ್ನನ್ನು ಮಾತ್ರ ಓದಿಸಿದ. ನಾನು ದಿನವೂ ನಡೆದು ಹೋಗಿ ಹೈಸ್ಕೂಲು ಮುಗಿಸಿದ್ದು ಅವನು ಉತ್ತ ಹೊಲದ ರಾಗಿಯಿಂದ. ಯುದ್ಧಕ್ಕೆ ಆಳು ಸೇರಿಸಿಕೊಳ್ಳುವವರು ಬಂದಾಗ ಅಣ್ಣ ಲಾರಿ ಓಡಿಸುವ ಕೆಲಸಕ್ಕೆ ಸೇರಿ ಹೊರಟ. ಹೊರಡುವ ಮೊದಲು ಸೋದರಮಾವನ ಮಗಳೊಂದಿಗೆ ವೀಳ್ಯದ ಶಾಸ್ತ್ರ ಆಯಿತು. ನಮ್ಮಲ್ಲಿ ವೀಳ್ಯ ಬದಲಾಯಿಸಿದರೆ ಅರ್ಧ ಮದುವೆಯಾದಂತೆಯೇ. ಹುಡುಗಿ ಮೂರು ವರ್ಷ ಕಾದಳು.

ಮಾವನ ಊರು ಹದ್ದಿನಕಲ್ಲು ಎಂಬ ಬಂಡೆಬೆಟ್ಟದ ಬುಡದಲ್ಲಿತ್ತು. ರೈಲು ಕಂಬಿ ದಾಟಿ ಒಂದು ಗಂಟೆ ನಡೆದರೆ ಸಿಕ್ಕುತ್ತಿತ್ತು. ಅಣ್ಣನ ಕಾಗದ ಬಂದಾಗಲೆಲ್ಲ ಅಮ್ಮ ನನ್ನನ್ನು ಅಲ್ಲಿಗೆ ಅಟ್ಟುತ್ತಿದ್ದಳು, ಓದಿ ಹೇಳಿ ಬಾ ಎಂದು. ಮಾವನ ಮನೆಯಲ್ಲಿ ಯಾರಿಗೂ ಓದು ಬರುತ್ತಿರಲಿಲ್ಲ. ನಾನು ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಿದ್ದೆ. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಒಂದೊಂದು ಸಾಲನ್ನು ಮತ್ತೆ ಓದಿಸುತ್ತಿದ್ದಳು. ಓದುತ್ತ ಓದುತ್ತ ಆ ಮಾತುಗಳು ನನ್ನವೇ ಎಂಬ ಭ್ರಮೆ ನನಗೆ ಹಿಡಿಯಿತು. ಅವಳು ಕೇಳುತ್ತಿದ್ದುದು ಅಣ್ಣನ ಮಾತನ್ನು. ನಾನು ಅದನ್ನು ತಿಳಿಯದ ದಡ್ಡನಲ್ಲ, ತಿಳಿದೂ ಆಸೆಪಟ್ಟವನು.

ನಲವತ್ತೈದರಲ್ಲಿ ಅಣ್ಣ ಹಿಂತಿರುಗಿದ. ಅಸ್ಸಾಮಿನ ಕಡೆ ಲಾರಿ ಮಗುಚಿ ಎಡಮಂಡಿ ಮುರಿದಿತ್ತು. ಮೂಳೆ ಕೂಡಿಕೊಂಡಿತ್ತು, ಆದರೆ ಮಂಡಿ ಮಡಚುತ್ತಿರಲಿಲ್ಲ. ಕಾಲು ಬಿದಿರಿನ ಗಳದಂತೆ ನೆಟ್ಟಗೆ ನಿಂತುಬಿಟ್ಟಿತ್ತು. ಅವನು ನಡೆದರೆ ದೇಹವೆಲ್ಲ ಒಂದು ಕಡೆಗೆ ಎತ್ತಿ ಇಟ್ಟಂತಾಗುತ್ತಿತ್ತು. ತಿಂಗಳೊಳಗೆ ಮಾವ ಬಂದರು. ಅಮ್ಮ ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಪಕ್ಕಕ್ಕಿಟ್ಟು, ಸುತ್ತುಬಳಸದೆ ಹೇಳಿದರು:

"ಅಕ್ಕಾ, ಕೊಟ್ಟ ಮಾತು ತಪ್ಪಲ್ಲ. ಹುಡುಗಿ ನಿನ್ನ ಮನೆಗೇ ಬರ್ತಾಳೆ. ಆದ್ರೆ ದೊಡ್ಡೋನಿಗಲ್ಲ, ಚಿಕ್ಕೋನಿಗೆ. ಕುಂಟಂಗೆ ಕೊಟ್ಟು ಮಗಳ ಕೈಲಿ ನೇಗಿಲು ಹಿಡ್ಸಲಾ?"

ಇದು ನಮ್ಮವರಲ್ಲಿ ಹೊಸ ಮಾತಲ್ಲ. ವೀಳ್ಯ ಮನೆಗೆ ಕೊಟ್ಟದ್ದು. ದೊಡ್ಡವನಿಗೆ ಏನಾದರೂ ಆದರೆ ಹೆಣ್ಣು ಚಿಕ್ಕವನಿಗೆ. ಅಮ್ಮ ಅಳಲು ಶುರುಮಾಡಿದಳು. ನಾನು ನೆಲ ನೋಡುತ್ತ ಕುಳಿತೆ. ನನ್ನ ಮುಖದಲ್ಲಿ ದುಃಖವಿಲ್ಲದ್ದು ಯಾರಿಗೂ ಕಾಣಬಾರದಿತ್ತು.

ಅಣ್ಣ ಮಾತ್ರ ಕೂಗಾಡಲಿಲ್ಲ. ನಿಮ್ಮೂರಿನ ಹದ್ದಿನಕಲ್ಲಿನ ನೆತ್ತಿಯ ಮೇಲೆ ನಾನು ನಿಂತರೆ ಕುಂಟ ಅನ್ನುವುದನ್ನು ಬಿಡುತ್ತೀರಾ ಎಂದು ಕೇಳಿದ. ಮಾವ ನಕ್ಕರು. ಎರಡು ಕಾಲು ಸರಿಯಿರುವವರೇ ಅದನ್ನು ಹತ್ತಿರಲಿಲ್ಲ. ಮುಕ್ಕಾಲು ಭಾಗ ಬೋಳು ಹಾಸುಬಂಡೆ, ಅದರ ಮೇಲೆ ಸೀಳು, ಆಮೇಲೆ ನೆತ್ತಿ. ಹೆಜ್ಜೇನು ಕೀಳುವವರನ್ನು ಬಿಟ್ಟು ಅಲ್ಲಿಗೆ ಹೋಗುವವರು ಹದ್ದುಗಳೇ. ಹುಡುಗನಿಗೆ ತಾನಾಗಿಯೇ ಬುದ್ಧಿ ಬರಲಿ ಎಂದೋ ಏನೋ, ಮಾವ ಒಪ್ಪಿಕೊಂಡರು. ಹತ್ತಿದರೆ ಈ ವೈಶಾಖದಲ್ಲೇ ಮದುವೆ, ಹತ್ತದಿದ್ದರೆ ತಾವು ಹೇಳಿದಂತೆ ಎಂದರು.

ದಾರಿ ಬಲ್ಲವನನ್ನು ಗೊತ್ತುಮಾಡುವ ಕೆಲಸವನ್ನು ಅಣ್ಣ ನನಗೆ ವಹಿಸಿದ. ಬೆಟ್ಟದ ಆಚೆ ಮಗ್ಗುಲಲ್ಲಿ ಜೇನು ಕೀಳುವ ಒಬ್ಬ ಮುದುಕನಿದ್ದಾನೆ, ಅವನಿಗೆ ನನ್ನ ಮಿಲಿಟರಿ ಕಂಬಳಿ ಕೊಟ್ಟು ಒಪ್ಪಿಸಿ ಬಾ ಎಂದ. ಬಟ್ಟೆಯೂ ಅಳತೆಗೇ ಸಿಗುತ್ತಿದ್ದ ಕಂಟ್ರೋಲ್ ಕಾಲ ಅದು. ಆ ಕಂಬಳಿ ನಮ್ಮ ಮನೆಯ ಅತ್ಯಂತ ಬೆಚ್ಚನೆಯ ವಸ್ತು.

ಮುದುಕ ಗುಡಿಸಲ ಮುಂದೆ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದ. ತೆಳ್ಳಗಿನ ಮೈ, ತೋಳಿನ ತುಂಬ ಹಳೆಯ ಜೇನುಕಡಿತದ ಕಲೆ. ನಾನು ಕಂಬಳಿ ಇಟ್ಟು, ಎಲೆ ಅಡಿಕೆ ಮುಂದೆ ಹಿಡಿದು ವಿಷಯ ಹೇಳಿದೆ. ಆಮೇಲೆ ದನಿ ತಗ್ಗಿಸಿ, ಹಾಸುಬಂಡೆ ಮುಗಿಯುವವರೆಗೆ ಕರೆದುಕೊಂಡು ಹೋಗು, ಅಲ್ಲಿ ಜೇನು ಎದ್ದಿದೆ ಎಂದು ಹೇಳಿ ಇಳಿಸಿಬಿಡು ಎಂದೆ. ಅಮ್ಮನಿಗೆ ಭಯ, ಅದಕ್ಕೆ ಎಂದು ಸುಳ್ಳನ್ನೂ ಸೇರಿಸಿದೆ.

ಅವನು ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಅಣ್ಣನಿಗೆ ಹೆಂಡತಿ ಇದ್ದಾಳೆಯೇ, ಗೊತ್ತಾದ ಹೆಣ್ಣು ಇದೆಯೇ, ಅವಳಿಗೆ ಅಣ್ಣತಮ್ಮಂದಿರು ಇದ್ದಾರೆಯೇ ಎಂದು ಒಂದೊಂದಾಗಿ ಕೇಳಿದ. ಒಬ್ಬ ಅಣ್ಣ ಇದ್ದಾನೆ ಎಂದೆ.

"ಹಂಗಾದ್ರೆ ಅವನ್ನ ಕರ್ಕಂಬಾ. ಸೀಳಿನ್ ಮ್ಯಾಲೆ ಹಗ್ಗ ಹಿಡಿಯೋನು ಅವ್ನೇ."

ನಾನಿದ್ದೇನಲ್ಲ, ಒಡಹುಟ್ಟಿದವನು, ನಾನೇ ಹಿಡಿಯುತ್ತೇನೆ ಎಂದೆ. ಮುದುಕ ಹೊಸೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ನಮ್ಮಲ್ಲಿ ಅಣ್ಣತಮ್ಮಂದ್ರ ಕೈಗೆ ಹಗ್ಗ ಕೊಡಾಕಿಲ್ಲ ಸೋಮಿ. ಅಣ್ಣ ಬಿದ್ರೆ ತಮ್ಮಂಗೆ ಹೊಲ ಬತ್ತದೆ, ಹೆಣ್ ಬತ್ತದೆ. ಬಾಮೈದಂಗೇನ್ ಬತ್ತದೆ? ಅವನ ತಂಗಿ ತಾಳಿ ಹೋಯ್ತದೆ. ಅದ್ಕೇ ಅವ್ನು ಕೈ ಬಿಡಾಕಿಲ್ಲ."

ಅವರ ತಾತ ಮುತ್ತಾತಂದಿರ ಕಾಲದಿಂದ ನಡೆದುಬಂದ ಕ್ರಮವಂತೆ ಅದು. ಬಂಡೆಯ ಅಂಚಿನಿಂದ ಹಗ್ಗಕ್ಕೆ ನೇತುಬಿದ್ದು ಜೇನು ಕೀಳುವವನ ಪ್ರಾಣ ಯಾವಾಗಲೂ ಹೆಂಡತಿಯ ಅಣ್ಣತಮ್ಮನ ಕೈಯಲ್ಲಿ. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಆದರೆ ಅವನು ಎಲೆ ಮಡಚಿ ಬಾಯಿಗಿಟ್ಟುಕೊಂಡಾಗ, ಒಪ್ಪಿದ ಎಂದುಕೊಂಡು ಸಮಾಧಾನದಿಂದ ಎದ್ದುಬಂದೆ. ಅವನು ಎಲೆ ತಿಂದದ್ದು ಯಾವ ಕೆಲಸಕ್ಕೆ ಎಂದು ಕೇಳಲೇ ಇಲ್ಲ.

ಅಣ್ಣನ ಭಾವಮೈದನಾಗಬೇಕಿದ್ದ ಮಾವನ ಮಗನಿಗೆ ನಾನು ಹೇಳಿಕಳಿಸಲಿಲ್ಲ. ಅವನಿಲ್ಲದಿದ್ದರೆ ಹತ್ತುವುದೇ ನಿಂತುಹೋಗುತ್ತದೆ ಎಂಬುದು ನನ್ನ ಲೆಕ್ಕ. ಆದರೆ ಗೊತ್ತಾದ ದಿನ ಬೆಳಿಗ್ಗೆ ನಾವು ಬೆಟ್ಟದ ಬುಡಕ್ಕೆ ಹೋದಾಗ ಅವನು ಪಂಚೆಯನ್ನು ಮೇಲಕ್ಕೆ ಕಟ್ಟಿ, ಮುದುಕನ ಪಕ್ಕದಲ್ಲಿ ಕುಳಿತು ಹಲ್ಲುಜ್ಜುತ್ತಿದ್ದ. ಮುದುಕ ಹಿಂದಿನ ದಿನವೇ ಅವರ ಮನೆಗೆ ಹೋಗಿ ಕರೆದಿದ್ದನಂತೆ. ಮಾವ ಬೇಡವೆಂದರೂ ಕೇಳದೆ ಎದ್ದು ಬಂದಿದ್ದ. ಬಂದರೂ ಅವನ ಬಾಯಿ ಸುಮ್ಮನಿರಲಿಲ್ಲ.

"ಏನ್ ಭಾವ, ಮಿಲ್ಟ್ರೀಲಿ ಬಂಡೆ ಹತ್ತೋದೂ ಹೇಳ್ಕೊಟ್ರಾ?"

"ಬೀಳೋದ್ ಹೇಳ್ಕೊಟ್ರು ಕಣೋ. ಹತ್ತೋದ್ ನೀನ್ ಹೇಳ್ಕೊಡ್ತೀಯ ಅಂತ ಬಂದೆ."

ಮುದುಕ ಎಲ್ಲರ ಮೆಟ್ಟು ಬಿಡಿಸಿದ. ಹಾಸುಬಂಡೆಯಲ್ಲಿ ನೀರು ಹರಿದು ಕಪ್ಪಾದ ಪಟ್ಟೆಗಳ ಮೇಲೆ ಕಾಲಿಡಬೇಡಿ, ಬೆಳ್ಳಗಿರುವ ಕಡೆ ಇಡೀ ಅಂಗಾಲು ಊರಿ ಎಂದ. ಅಣ್ಣನಿಗೆ ಅದು ನರಕವೇ ಆಯಿತು. ಮಂಡಿ ಮಡಚದವನು ಇಳಿಜಾರಿನಲ್ಲಿ ನೇರ ಹತ್ತಲಾರ. ಮುದುಕ ಅವನನ್ನು ಅಡ್ಡಡ್ಡವಾಗಿ ನಡೆಸಿದ. ನೆಟ್ಟಗಿನ ಕಾಲು ಯಾವಾಗಲೂ ಕೆಳಮಗ್ಗುಲಿಗೆ ಬರಬೇಕು. ಈ ಕಡೆಯಿಂದ ಆ ಕಡೆಗೆ ಮುಂದಕ್ಕೆ ನಡೆದರೆ, ಆ ಕಡೆಯಿಂದ ಈ ಕಡೆಗೆ ಹಿಮ್ಮುಖವಾಗಿ. ಬಂಡೆಗೆ ದಾರ ಹೊಲಿದಂತೆ ಹೋದೆವು. ನಾವು ಒಂದು ಮಾರು ಏರಿದರೆ ಅಣ್ಣ ಹತ್ತು ಮಾರು ನಡೆಯಬೇಕಾಗಿತ್ತು. ಅವನ ಅಂಗಿ ಬೆವರಿಗೆ ಒದ್ದೆಯಾಗಿ ಬೆನ್ನಿಗೆ ಅಂಟಿಕೊಂಡಿತು. ಒಂದು ಸಲವೂ ನಿಲ್ಲೋಣ ಎನ್ನಲಿಲ್ಲ. ಕೆಳಗೆ ಮಾವನ ಊರಿನ ಕಣದಲ್ಲಿ ಜನ ಸೇರಿ ತಲೆಯೆತ್ತಿ ನೋಡುತ್ತಿದ್ದರು.

ಹಾಸುಬಂಡೆ ಮುಗಿದ ಕಡೆ ಜಗಲಿಯಷ್ಟು ಅಗಲದ ಒಂದು ಜಾಗ, ಒಂದು ಕಲ್ಲತ್ತಿ ಗಿಡ. ಎದುರಿಗೆ ಸೀಳು: ಎರಡು ಗೋಡೆಗಳ ನಡುವಿನ ಸಂದಿಯ ಹಾಗೆ, ಮೂರಾಳು ಎತ್ತರ. ನಾನು ಮುದುಕನ ಕಡೆ ನೋಡಿದೆ. ಈಗ ಹೇಳಬೇಕು ಅವನು. ಅವನು ಹಗ್ಗ ಬಿಚ್ಚಿಕೊಳ್ಳುತ್ತಲೇ ಇದ್ದ. ಕಡೆಗೆ ನಾನೇ ಹೇಳಿದೆ, ಅಣ್ಣಾ, ಜೇನು ಎದ್ದಿರುವ ಹಾಗಿದೆ, ಇಷ್ಟು ಬಂದದ್ದೇ ದೊಡ್ಡದು, ಇಳಿದುಬಿಡೋಣ ಎಂದು. ಅಣ್ಣ ಸೀಳನ್ನು ನೋಡಿದ, ತನ್ನ ಕಾಲನ್ನು ನೋಡಿಕೊಂಡ. ಅವನ ಮುಖ ಇಳಿಯಿತು. ಇನ್ನೊಂದು ಮಾತು ಹೇಳಿದ್ದರೆ ಅವನು ಹಿಂತಿರುಗುತ್ತಿದ್ದನೋ ಏನೋ.

"ಜೇನ್ ಹುಟ್ಟು ಕಿತ್ತು ಹದಿನೈದ್ ದಿನ ಆತು," ಎಂದ ಮುದುಕ. "ಒಂದ್ ನೊಣಾನೂ ಇಲ್ಲ." ನನ್ನ ಗುಟ್ಟನ್ನು ಅವನು ಹೇಳಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಭಾವಮೈದನನ್ನು ಮೊದಲು ಹತ್ತಿಸಿ, ಮೇಲೆ ಒಂದು ಗುಂಡಿಗೆ ಕಾಲು ಒದ್ದು ಕೂರುವಂತೆ ಕೂರಿಸಿ, ಮುದುಕ ಮತ್ತೆ ಇಳಿದುಬಂದ. ಅಣ್ಣನ ಸೊಂಟಕ್ಕೆ ಹಗ್ಗ ಕಟ್ಟಿದ. ಆಮೇಲೆ ಅವನ ಎಡಗಾಲನ್ನು ಎರಡು ಕೈಯಲ್ಲಿ ಹಿಡಿದು, ಸಂತೆಯಲ್ಲಿ ಎತ್ತಿನ ಕಾಲು ನೋಡುವ ಹಾಗೆ ನೋಡಿದ.

"ಬೆನ್ನು ಈ ಗೋಡೆಗ್ ಕೊಡು. ಈ ಕಾಲು ಆ ಗೋಡೆಗೆ. ಮಡಚೋ ಕಾಲು ನಡುಗ್ತದೆ, ಇದು ನಡುಗಾಕಿಲ್ಲ. ಗಳ ಇದ್ದಂಗದೆ."

ಅಣ್ಣ ಬೆನ್ನು ಕೊಟ್ಟ, ಕಾಲು ಚಾಚಿದ. ಎರಡು ಗೋಡೆಗಳ ನಡುವೆ ತೊಲೆ ಕೂರಿಸಿದಂತೆ ಕುಳಿತಿತು ಅದು. ಮಡಚದ ಆ ಕಾಲಿನ ಮೇಲೆ ಭಾರ ಹಾಕಿ ಬೆನ್ನನ್ನು ಒಂದು ಗೇಣು ಮೇಲಕ್ಕೆ ಉಜ್ಜಿದ. ಒಳ್ಳೆಯ ಕಾಲನ್ನು ಊರಿಕೊಂಡು ನೆಟ್ಟ ಕಾಲನ್ನು ಒಂದು ಗೇಣು ಎತ್ತಿದ. ಮತ್ತೆ ಬೆನ್ನು, ಮತ್ತೆ ಕಾಲು. ವರ್ಷದಿಂದ ಅವನನ್ನು ಹಿಂದಕ್ಕೆಳೆಯುತ್ತಿದ್ದ ಕಾಲು ಈಗ ಅವನನ್ನು ಹೊತ್ತು ಮೇಲೇರುತ್ತಿತ್ತು. ಭಾವಮೈದ ಈಗ ತಮಾಷೆ ಮಾಡುತ್ತಿರಲಿಲ್ಲ. ಹಗ್ಗ ಒಂದಿಷ್ಟೂ ಸಡಿಲವಾಗದಂತೆ ಗೇಣುಗೇಣಾಗಿ ಎಳೆದುಕೊಳ್ಳುತ್ತಿದ್ದ. ಒಮ್ಮೆ ಅಣ್ಣನ ಬೆನ್ನು ಜಾರಿ ಒಂದು ಮೊಳ ಕೆಳಗೆ ಬಂತು. ಹಗ್ಗ ಬಿಗಿದು ನಿಂತಿತು. ಮೇಲಿನಿಂದ ಕೇಳಿದ್ದು ಒಂದೇ ಮಾತು: "ಹಿಡ್ಕೊಂಡಿದ್ದೀನಿ ಭಾವ."

ಅಣ್ಣ ಸೀಳಿನ ತುದಿ ಮುಟ್ಟಿ, ಹೊಟ್ಟೆಯ ಮೇಲೆ ಉರುಳಿ, ಎದ್ದು ನಿಂತ. ಅಂಗಿ ಬಿಚ್ಚಿ ತಲೆಯ ಮೇಲೆ ಬೀಸಿದ. ಕೆಳಗಿನ ಕಣದಿಂದ ಕೇಕೆ ಎದ್ದಿತು. ಆದರೆ ಅದಕ್ಕಿಂತ ಮೊದಲು ಒಂದು ಕೂಗು ಎದ್ದಿತ್ತು. ಅದು ನನ್ನ ಗಂಟಲಿನಿಂದ ಬಂದದ್ದು ಎಂದು ಒಂದು ಗಳಿಗೆ ನನಗೇ ತಿಳಿಯಲಿಲ್ಲ. ಅವನು ಸೋಲಲಿ ಎಂದು ಹಾರೈಸಿ ಬಂದವನು ಕಲ್ಲತ್ತಿ ಗಿಡದ ಕೆಳಗೆ ಕುಣಿಯುತ್ತ ಕೂಗುತ್ತಿದ್ದೆ. ಒಳಗಿದ್ದ ಆಸೆ ಸತ್ತಿರಲಿಲ್ಲ; ಆದರೂ ಅಂಥ ಸಂತೋಷ ನನಗೆ ಆಮೇಲೆ ನನ್ನ ಸ್ವಂತ ಗೆಲುವುಗಳಲ್ಲೂ ಸಿಕ್ಕಿಲ್ಲ.

ನನ್ನನ್ನು ಮೇಲೆ ಎಳೆದುಕೊಂಡದ್ದು ರಾಗಿಮೂಟೆ ಎಳೆದ ಹಾಗೆ. ಎರಡೂ ಕಾಲು ಮಡಚುತ್ತಿದ್ದವು, ಎರಡೂ ನಡುಗುತ್ತಿದ್ದವು. ಅಲ್ಲಿಂದ ನೆತ್ತಿಗೆ ಹತ್ತೇ ಮಾರು. ನಾಲ್ವರೂ ನಿಂತು ನೋಡಿದೆವು. ರೈಲು ಕಂಬಿ, ಕೆರೆ, ದೂರದಲ್ಲಿ ದೊಡ್ಡಬಳ್ಳಾಪುರ. ಅಣ್ಣ ನನ್ನ ಹೆಗಲ ಮೇಲೆ ಕೈ ಹಾಕಿ, ನೀನು ಸರಿಯಾದ ಮನುಷ್ಯನನ್ನೇ ಗೊತ್ತುಮಾಡಿದೆ ಕಣೋ ಎಂದ. ನಾನು ಆಗಲೇ ಹೇಳಿಬಿಡಬೇಕಾಗಿತ್ತು. ಹೇಳಲಿಲ್ಲ.

ಇಳಿಯುವಾಗ ಮೊದಲು ನನ್ನ ಸೊಂಟಕ್ಕೆ ಹಗ್ಗ ಕಟ್ಟಿದರು. ಭಾವಮೈದ ಹಿಡಿಯಲು ಬಂದ. ಮುದುಕ ಅವನನ್ನು ತಡೆದು ಹಗ್ಗವನ್ನು ಅಣ್ಣನ ಕೈಗಿಟ್ಟ. ಅಣ್ಣತಮ್ಮಂದಿರು ಹಿಡಿಯಬಾರದು ಎಂದಿದ್ದೆಯಲ್ಲ ಎಂದು ಭಾವಮೈದ ಕೇಳಿದ.

"ಇವ್ನಿಗೆ ಇವ್ರಣ್ಣ ಹಿಡೀಬೌದು," ಎಂದ ಮುದುಕ. "ಇವ್ನು ಬಿದ್ರೆ ಅವ್ನಿಗೇನೂ ಬರಾಕಿಲ್ಲ."

ಉಳಿದಿಬ್ಬರೂ ನಕ್ಕರು. ನಾನು ಸೀಳಿನೊಳಗೆ ಇಳಿದೆ. ತಲೆಯೆತ್ತಿದರೆ ಅಣ್ಣ ಕಾಣುತ್ತಿದ್ದ. ನೆಟ್ಟ ಕಾಲನ್ನು ಬಂಡೆಗೆ ಒದ್ದು ಕುಳಿತು, ನನ್ನ ಭಾರವನ್ನೆಲ್ಲ ಅಂಗೈಯಲ್ಲಿ ತೆಗೆದುಕೊಂಡು, ಮೆಲ್ಲಗೆ, ಮೆಲ್ಲಗೆ ಎನ್ನುತ್ತಿದ್ದ.

ಬುಡದಲ್ಲಿ ಮಾವ ಗಾಡಿ ಹೂಡಿಸಿ ನಿಂತಿದ್ದರು. ಅಣ್ಣ ಹತ್ತಲಿಲ್ಲ, ನಡೆದೇ ಬರುತ್ತೇನೆ ಎಂದ. ಮಾವ ಒಂದು ಗಳಿಗೆ ನಿಂತು, ಗಾಡಿಯನ್ನು ಮುಂದೆ ಕಳಿಸಿ, ತಮ್ಮ ಹೆಜ್ಜೆಯನ್ನು ಅವನ ಹೆಜ್ಜೆಗೆ ತಗ್ಗಿಸಿಕೊಂಡು ಮನೆಯವರೆಗೂ ಪಕ್ಕದಲ್ಲೇ ನಡೆದರು. ದಾರಿಯುದ್ದಕ್ಕೂ ಜನ ಬಾಗಿಲಿಗೆ ಬಂದು ನಿಂತಿದ್ದರು. ಮದುವೆ ವೈಶಾಖದಲ್ಲೇ ಆಯಿತು.

ಅಣ್ಣ ಹೋಗಿ ಆರು ವರ್ಷವಾಯಿತು. ಜೇನಿನ ಮುದುಕ ಎಂದೂ ಬಾಯಿ ಬಿಡಲಿಲ್ಲ. ಅಣ್ಣನಿಗೆ ಹೇಳುವ ಧೈರ್ಯ ನನಗೆ ಕಡೆಗೂ ಬರಲಿಲ್ಲ. ಆ ಭಾರ ಹಾಗೇ ಉಳಿಯುತ್ತದೆ. ಇದನ್ನು ಬರೆಯುವ ಮೊದಲು ಅತ್ತಿಗೆಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಕಾಗದ ಓದುತ್ತಿದ್ದ ದಿನಗಳಿಂದ ಹಿಡಿದು ಒಂದನ್ನೂ ಬಿಡಲಿಲ್ಲ. ಅವರು ಅವರೇಕಾಯಿ ಸುಲಿಯುತ್ತ ಕೇಳಿಸಿಕೊಂಡರು. ಬಯ್ಯಲಿ ಎಂದು ನಾನು ಕಾದೆ.

"ನಮ್ಮಪ್ಪ, ನಿಮ್ಮಣ್ಣ, ನೀನು, ಮೂರೂ ಜನ ಹೆಣ್ಣು ಯಾರಿಗೆ ಅಂತ ಬಂಡೆ ಹತ್ರ ಕೇಳೋಕೆ ಹೋದ್ರಿ," ಎಂದರು ಅತ್ತಿಗೆ. "ನನ್ನ ಒಬ್ರೂ ಕೇಳ್ಲಿಲ್ಲ. ಕೇಳಿದ್ರೆ ಅವತ್ತೇ ಹೇಳ್ತಿದ್ದೆ. ಅವ್ರು ಅರ್ಧಕ್ಕೆ ಇಳಿದು ಬಂದಿದ್ರೂ ನಾನು ಅವ್ರನ್ನೇ ಆಗ್ತಿದ್ದೆ. ನಿನ್ನನ್ನಂತೂ ಆಗ್ತಿರಲಿಲ್ಲ ಬಿಡು."

ಹಾಗೆಂದು ಒಂದು ಹಿಡಿ ಅವರೇಕಾಯಿ ನನ್ನ ಮುಂದೆ ಸುರಿದು, ಕೂತವನು ಸುಲಿ ಎಂದರು.